ಮಂಡಿಗಾಗಿ ಉಂಡ ಊಟ

ಮಂಡಿಯೂರಿ ಸುತ್ತಿ ಕುಣಿಯುವ ವೇಷವೊಂದನ್ನು ಅರವತ್ತೆಂಟರ ನಾನು ಕೇಳಿದಾಗ, ಕುಮಟಾದ ನಮ್ಮ ಹವ್ಯಾಸಿ ಯಕ್ಷಗಾನ ತಂಡದ ಭಾಗವತರು ಎಲ್ಲರೆದುರು, "ಎಂತ ಮಾರಾಯ್ರೆ, ನಿಮ್ಮನ್ನ ಆಸ್ಪತ್ರೆಗೆ ಹೊರೂದು ಯಾರು? ಕೂತು ಅರ್ಥ ಹೇಳಿ, ಸಾಕು" ಎಂದರು. ನಕ್ಕವರ ಮುಖಗಳು ನನಗಿನ್ನೂ ನೆನಪಿವೆ.

ಅಂದೇ ಹೋಳಿಗೆ, ಕರಿದ ಬಂಗುಡೆ ಮೀನು ಬಿಟ್ಟೆ. ನಾಲಿಗೆಯ ಅಭಿಪ್ರಾಯ ಕೇಳದೆ ಮೊಳಕೆ ಹುರುಳಿಯನ್ನೂ ರಾಗಿ ಅಂಬಲಿಯನ್ನೂ ಉಂಡು, ನಿತ್ಯ ಕುಣಿದು ಕಾಲು ಗಟ್ಟಿ ಮಾಡಿಕೊಂಡೆ. "ಇದು ಊಟವಾ, ಕಷಾಯವಾ?" ಎಂದು ಹೆಂಡತಿ ಹಂಗಿಸಿದಳು.

ಹೊನ್ನಾವರದ ಆಟಕ್ಕೆ ಆ ವೇಷ ಕಟ್ಟಬೇಕಿದ್ದವ ಬರಲಿಲ್ಲ. ಬೇರೆ ದಾರಿಯಿಲ್ಲದೆ ಭಾಗವತರು ನನ್ನನ್ನೇ ಕರೆದರು. ಮಂಡಿಯೂರಿ ರಂಗಸ್ಥಳವಿಡೀ ಸುತ್ತಿದೆ. ನನ್ನ ಮೇಲಿನ ಕನಿಕರದಿಂದ ಅವರು ಹಾಡುತ್ತಿದ್ದ ಪದವನ್ನು ಬೇಗ ಮುಗಿಸಲು ಹೊರಟರು. ನಾನು ಏಳದೆ ಸುತ್ತುತ್ತಲೇ ಇದ್ದೆ. ಚಪ್ಪಾಳೆಯ ನಡುವೆ ಅವರು ಅದೇ ಪದವನ್ನು ಮತ್ತೆ ಎತ್ತಿಕೊಳ್ಳಬೇಕಾಯಿತು.