ಡಬ್ಬಿಯಲ್ಲಿ ಉಳಿದ ಹಸಿರು ರಿಂಗುಗಳು

ಆ ಬೇಸಿಗೆಯನ್ನು ನೆನೆದರೆ ನನಗೆ ಮೊದಲು ಕಾಣುವುದು ಲಾರಿಯ ಕನ್ನಡಿಗೆ ನೇತುಹಾಕಿದ್ದ ಒದ್ದೆ ಗಮ್ಛಾ. ನಮ್ಮ ಡ್ರೈವರ್ ಅದನ್ನು ಆಗಾಗ ನೀರಿನಲ್ಲಿ ಅದ್ದಿ ತಲೆಗೆ ಸುತ್ತಿಕೊಳ್ಳುತ್ತಿದ್ದರು. ಕ್ಯಾಬಿನ್ನಿನಲ್ಲಿ ಎ.ಸಿ. ಇತ್ತು. ಅದನ್ನು ಅವರು ಮುಟ್ಟದಂತೆ ಮಾಡಿದವಳು ನಾನು.

ಮನೆಯವರು ಸೈನ್ಯದಿಂದ ನಿವೃತ್ತರಾದ ಮೇಲೂ ನಾವು ದೆಹಲಿಯ ಮಯೂರ್ ವಿಹಾರದಲ್ಲೇ ಉಳಿದೆವು. ಒಂದು ಲಾರಿ ಕೊಂಡೆವು. ಗ್ರೇಟರ್ ನೋಯ್ಡಾದಿಂದ ರಟ್ಟಿನ ಪೆಟ್ಟಿಗೆ ತುಂಬಿಕೊಂಡು ಜನಕಪುರಿಯ ಗೋದಾಮಿಗೆ ಇಳಿಸಿ ಬರುವುದು ಅದರ ಕೆಲಸ. ಹಗಲಿನಲ್ಲಿ ದೆಹಲಿಯೊಳಗೆ ಲಾರಿಗಳಿಗೆ ನೋ ಎಂಟ್ರಿ. ಗಡಿಯಲ್ಲಿ ಸಾಲು ಹಚ್ಚಿ ಬಿಸಿಲಿನಲ್ಲಿ ಕಾಯಬೇಕು. ಡ್ರೈವರ್ ಎಂಟು ವರ್ಷದಿಂದ ನಮ್ಮಲ್ಲೇ ಇದ್ದರು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಭಯ್ಯಾ ಎನ್ನುತ್ತಿದ್ದೆ, ಅವರು ನನ್ನನ್ನು ಭಾಭೀಜಿ ಎನ್ನುತ್ತಿದ್ದರು. ಮಂಡಿಯ ದಾರಿಯಲ್ಲಿ ನುಗ್ಗೆಕಾಯಿ ಕಂಡರೆ ನನಗೆಂದು ತರುತ್ತಿದ್ದರು. ಬಂದಾಗಲೆಲ್ಲ ಚಹಾ ಕುಡಿದೇ ಹೋಗುತ್ತಿದ್ದರು.

ಲಾರಿ ಯಾವಾಗ ಹೊರಟಿತು, ಏನು ಕೆಟ್ಟಿತು, ಯಾರು ಸರಿ ಮಾಡಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಪಾಲು. ಅದು ಹಳೆಯ ಚಾಳಿ. ಅಡುಗೆ ಸಿಲಿಂಡರ್ ಹಚ್ಚಿದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ನಾನು.

ಏಪ್ರಿಲ್ ಕೊನೆಯಲ್ಲಿ ಎ.ಸಿ.ಯಿಂದ ಬಿಸಿ ಗಾಳಿ ಬರತೊಡಗಿತು. ಘಾಜಿಪುರದ ಮೆಕ್ಯಾನಿಕ್ ಸೋಪಿನ ನೀರು ಎರಚಿ ನೋಡಿದ. ಮುಂದಿನ ಜಾಲರಿಯ ಹಿಂದೆ ಗ್ಯಾಸನ್ನು ತಣಿಸುವ ಕಂಡೆನ್ಸರ್ ಇರುತ್ತದೆ. ಅದರ ಮೂಲೆಯಲ್ಲಿ ಗುಳ್ಳೆ ಎದ್ದಿತಂತೆ. ಕಲ್ಲು ಸಿಡಿದು ತೂತಾಗಿತ್ತು. ಕಂಪನಿಯದೇ ಬೇಕೆಂದರೆ ಹದಿನೈದು ದಿನ ಕಾಯಬೇಕು, ಬಜಾರಿನಲ್ಲಿ ಬೇರೆಯವರು ಮಾಡಿದ್ದು ಈವತ್ತೇ ಸಿಗುತ್ತದೆ ಎಂದ. ಬಿಸಿಲು ನೋಡಿ ಮನೆಯವರು ಬಜಾರಿನದನ್ನೇ ತಂದರು.

ಆ ಸಂಜೆ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು ಬಿಚ್ಚಿ ನೋಡಿದವಳು ನಾನೇ. ಮೂಲೆಯಲ್ಲಿ ಒಂದು ಸಣ್ಣ ಪೊಟ್ಟಣ, ಅದರಲ್ಲಿ ನಾಲ್ಕು ಹಸಿರು ರಬ್ಬರ್ ರಿಂಗುಗಳು. ಹೆಚ್ಚುವರಿ ಕೊಟ್ಟಿದ್ದಾರೆ ಎಂದುಕೊಂಡೆ. ಕುಕ್ಕರಿನ ಹಳೆಯ ಗ್ಯಾಸ್ಕೆಟ್, ನಲ್ಲಿಯ ವಾಷರ್ ಹಾಕಿಡುವ ಬಿಸ್ಕತ್ತಿನ ಡಬ್ಬಿಗೆ ಅದನ್ನೂ ಸೇರಿಸಿ ಪೆಟ್ಟಿಗೆಯನ್ನು ಮೊದಲಿನಂತೆಯೇ ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿತ್ತು ಅದರಲ್ಲಿ?

ಹೊಸ ಕಂಡೆನ್ಸರ್ ಕೂಡಿಸಿ ಹನ್ನೆರಡು ದಿನಕ್ಕೆ ತಂಪು ಹೋಯಿತು. ಹೊಸ ಭಾಗ ತಾನೆ ಎಂದು ಸೋರಿಕೆ ನೋಡಿಸದೆ ಗ್ಯಾಸ್ ತುಂಬಿಸಿದೆವು. ಮತ್ತೆರಡು ವಾರಕ್ಕೆ ಮತ್ತೆ ಹೋಯಿತು, ಮತ್ತೆ ತುಂಬಿಸಿದೆವು. ನೋಟ್‌ಬುಕ್ ತೆರೆದು ಕೂತೆ. ನೆಂಟರು ಬಂದ ತಿಂಗಳು ಸಿಲಿಂಡರ್ ಬೇಗ ಮುಗಿಯುತ್ತದೆ; ಇದೂ ಹಾಗೆಯೇ ಇರಬೇಕು ಅನ್ನಿಸಿತು. ಚಹಾ ಕೊಡುತ್ತ ಕೇಳಿದೆ, ನಮ್ಮ ಮಾಮೂಲಿ ಹಿಂದಿಯಲ್ಲಿ:

"ಭಯ್ಯಾ, ಗಡೀಲಿ ನಿಂತಾಗ ಎ.ಸಿ. ಎಷ್ಟು ಹೊತ್ತು ಹಾಕ್ತೀರಿ?"

"ಸೂರ್ಯ ಎಷ್ಟು ಹೊತ್ತು ಬಿಸಿಲು ಹಾಕ್ತಾನೋ ಅಷ್ಟು ಹೊತ್ತು, ಭಾಭೀಜಿ."

"ಅದಕ್ಕೇ ನೋಡಿ ಗ್ಯಾಸ್ ಬೇಗ ಮುಗೀತಿರೋದು."

ಅವರು ನಕ್ಕುಬಿಟ್ಟರು. "ಇದೇನು ಒಲೆಯಾ, ಉರಿದು ಮುಗಿಯಕ್ಕೆ? ನಿಮ್ಮ ಫ್ರಿಜ್ಜಿಗೆ ವರ್ಷಕ್ಕೆ ಎಷ್ಟು ಸಲ ಗ್ಯಾಸ್ ತುಂಬಿಸ್ತೀರಿ? ಎಲ್ಲೋ ಸೋರ್ತಿದೆ, ನೋಡಿಸಿ."

ಮಾತು ಸರಿಯಾಗಿಯೇ ಇತ್ತು. ಆದರೆ ಆ ನಗು ನನಗೆ ಚುಚ್ಚಿತು. "ಸೋರ್ತಿದ್ದನ್ನ ಬದಲಾಯಿಸಿ ಆಯ್ತಲ್ಲ, ಹೊಸದು ಹಾಕಿದೀವಿ. ಇನ್ಮೇಲೆ ಓಡುವಾಗ ಮಾತ್ರ ಹಾಕಿ. ದಿನಾ ಎಷ್ಟು ಹೊತ್ತು ಹಾಕಿದ್ರಿ ಅಂತ ಬಂದು ಹೇಳಿ, ಬರ್ಕೋತೀನಿ," ಎಂದೆ.

ಅವರ ನಗು ನಿಂತಿತು. ಕೈಯಲ್ಲಿದ್ದ ಲೋಟವನ್ನು ನೋಡಿದರು.

"ಅಚ್ಛಾ," ಎಂದರು. "ಬರ್ಕೊಳ್ಳಿ."

ಮರುದಿನ ಲಾರಿಯ ಬೀಗದ ಕೈ ಕೊಡಲು ಬಂದಾಗ ಕೇಳಿದೆ. "ಸೊನ್ನೆ ಬರೀರಿ ಭಾಭೀಜಿ," ಎಂದರು. ಅದರ ಮರುದಿನವೂ ಸೊನ್ನೆ. ಮೇ ಕಳೆದು ಜೂನ್ ಬಂತು. ಬಾಲ್ಕನಿಯ ಕಬ್ಬಿಣದ ಸರಳು ಬೆಳಿಗ್ಗೆ ಒಂಬತ್ತಕ್ಕೇ ಮುಟ್ಟಲಾಗದಷ್ಟು ಕಾಯುತ್ತಿತ್ತು. ಅವರು ಗಮ್ಛಾ ಸುತ್ತಿಕೊಂಡು, ಬಿಸಿಲಿಗೆ ಕಣ್ಣು ಕೆಂಪಗಾಗಿ ಬರುವರು. ಓಡುವಾಗಲಾದರೂ ಹಾಕಿ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಅವರಾಗೇ ಹಠ ಹಿಡಿದಿದ್ದಾರೆ, ಹಿಡಿಯಲಿ ಎಂದು ಸೊನ್ನೆ ಬರೆದೆ. ಚಹಾ ಬೇಡ ಎನ್ನತೊಡಗಿದ್ದರು. ಅದನ್ನು ಮಾತ್ರ ನಾನು ಬರೆದುಕೊಳ್ಳಲಿಲ್ಲ.

ಇಪ್ಪತ್ತಮೂರು ಸೊನ್ನೆಗಳಾದ ಮೇಲೆ ಅವರು ಬೀಗದ ಕೈಯನ್ನು ನನಗೆ ಕೊಡದೆ ಮನೆಯವರ ಕೈಯಲ್ಲಿಟ್ಟರು. ಫರೀದಾಬಾದಿನಲ್ಲಿ ಕೆಲಸ ಸಿಕ್ಕಿದೆ ಎಂದರು. ಅಲ್ಲಿ ಹೆಚ್ಚು ಕೊಡುತ್ತಾರಾ ಎಂದು ಇವರು ಕೇಳಿದ್ದಕ್ಕೆ, "ಇಲ್ಲ ಸಾಬ್, ಅಷ್ಟೇ," ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ನಮಸ್ತೆ ಹೇಳಿ ಹೋದರು.

ಹೊಸ ಡ್ರೈವರ್ ಮೊದಲ ದಿನವೇ ಫೋನ್ ಮಾಡಿದ: ಎ.ಸಿ.ಯಲ್ಲಿ ಬಿಸಿ ಗಾಳಿ. ನಾನು ನೋಟ್‌ಬುಕ್ ತೆಗೆದೆ. ಕೊನೆಯ ಸಲ ಗ್ಯಾಸ್ ತುಂಬಿಸಿದ ಮೇಲೆ ಈವರೆಗೆ ಸೊನ್ನೆ, ಬರೀ ಸೊನ್ನೆ, ನನ್ನದೇ ಅಕ್ಷರದಲ್ಲಿ. ಯಾರೂ ಹಾಕದ ಎ.ಸಿ.ಯ ಗ್ಯಾಸನ್ನು ಮುಗಿಸಿದವರು ಯಾರು?

ಈ ಸಲ ಮೆಕ್ಯಾನಿಕ್ಕಿನ ಬಳಿಗೆ ನಾನೂ ಹೋದೆ. ಸೋಪಿನ ನೀರು ಎರಚಿದ. ಕಂಡೆನ್ಸರಿಗೆ ಪೈಪು ಸೇರುವ ಎರಡೂ ಕಡೆ ಸಣ್ಣ ಗುಳ್ಳೆಗಳು ಎದ್ದವು. ಬಿಚ್ಚಿ, ಚಪ್ಪಟೆಯಾಗಿ ಬಿರುಕುಬಿಟ್ಟ ಕಪ್ಪು ರಿಂಗೊಂದನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಹಳೇದನ್ನೇ ಹಾಕಿದ್ದೆ. ಪೆಟ್ಟಿಗೇಲಿ ಹಸಿರು ರಿಂಗ್ ಬರತ್ತಲ್ಲ ಅಂತ ಸಾಬ್‌ನ ಕೇಳಿದೆ. ಬಂದಿಲ್ಲ ಅಂದ್ರು. ಬಜಾರಿನ ಮಾಲು ತಾನೆ, ಕೆಲವರು ಇಡಲ್ಲ. ಚಲೋ, ನಡಿಯತ್ತೆ ಅಂದ್ಕೊಂಡೆ."

ಆಟೋ ಹಿಡಿದು ಮನೆಗೆ ಬಂದೆ. ಡಬ್ಬಿ ತೆರೆದರೆ ಪೊಟ್ಟಣ ಗ್ಯಾಸ್ಕೆಟ್ಟಿನ ಕೆಳಗೇ ಇತ್ತು. ಅದೇ ಆಟೋದಲ್ಲಿ ವಾಪಸ್ಸು ಹೋಗಿ ಕೊಟ್ಟೆ. ಅಂದು ತುಂಬಿಸಿದ ಗ್ಯಾಸ್ ಇನ್ನೂ ಇದೆ.

ಮನೆಯವರು, "ಆದದ್ದಾಯ್ತು ಬಿಡು, ಬೇಕಂತ ಮಾಡಿದ್ದಲ್ವಲ್ಲ," ಎಂದರು. ಪೊಟ್ಟಣದ ಮಟ್ಟಿಗೆ ಅದು ನಿಜ. ನೋಟ್‌ಬುಕ್ಕಿನ ಲೆಕ್ಕವನ್ನು ನಾನು ಬೇಕೆಂದೇ ಇಟ್ಟಿದ್ದೆ.

ನಾಲ್ಕು ದಿನ ಬಿಟ್ಟು ಭಯ್ಯಾಗೆ ಫೋನ್ ಮಾಡಿದೆ. ರಿಂಗು, ಡಬ್ಬಿ, ಎಲ್ಲ ಹೇಳಿದೆ. ತಪ್ಪು ನನ್ನದು, ನೀವು ಅವತ್ತೇ ಸರಿಯಾಗಿ ಹೇಳಿದ್ದಿರಿ ಎಂದೆ.

"ಕುಕ್ಕರ್ ಡಬ್ಬೀಲಾ?" ಎಂದು ಮೆಲ್ಲಗೆ ನಕ್ಕರು.

"ವಾಪಸ್ ಬರ್ತೀರಾ, ಭಯ್ಯಾ?"

"ಇಲ್ಲೂ ಎ.ಸಿ. ಇದೆ ಭಾಭೀಜಿ. ಎಷ್ಟು ಹೊತ್ತು ಹಾಕ್ದೆ ಅಂತ ಯಾರೂ ಕೇಳಲ್ಲ. ಆದ್ರೂ ಗಡೀಲಿ ಗಾಡಿ ನಿಲ್ಸಿದ ತಕ್ಷಣ ಕೈ ತಾನಾಗೇ ಹೋಗಿ ಆಫ್ ಮಾಡಿಬಿಡತ್ತೆ."

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ನಾನು ಊಟ ಆಯಿತೇ ಎಂದು ಕೇಳಿದೆ. ಆಯಿತು ಎಂದರು.