ಬನ್ನಿಹಾಳಕ್ಕೆ ಸೋಲುವ ಮೌನಪ್ಪ

ಭೀಮಾ ಹೊಳೆಯ ಯಾದಗಿರಿ ಕಡೆಯ ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದ ಮೌನಪ್ಪನ ದಮ್ಮು ಸುತ್ತ ಹತ್ತೂರಿಗೆ ಗೊತ್ತಿತ್ತು. ಮಡುವಿನಲ್ಲಿ ಮುಳುಗಿದನೆಂದರೆ ದಂಡೆಯ ಮೇಲಿನ ಹೆಂಗಸರು ‘ಹೋದನಲ್ಲವ್ವಾ’ ಎಂದು ಅಳುವುದಕ್ಕೆ ಶುರು ಮಾಡಿ, ಅತ್ತು ಸಾಕಾಗಿ ಸೆರಗಿನಿಂದ ಮೂಗು ಒರೆಸಿಕೊಳ್ಳುವ ಹೊತ್ತಿಗೆ ಆಚೆ ದಂಡೆಯಲ್ಲಿ ತಲೆ ಎತ್ತಿ ಬೀಡಿ ಕೇಳುತ್ತಿದ್ದ. ಇಂಥವನು ಹುತುತು ಆಟಕ್ಕಿಳಿದರೆ ಕೇಳಬೇಕೆ? ಅವನ ಸಂಗಡ ಇನ್ನಾರು ಜನ, ಎಲ್ಲರೂ ಬಲೆ ಎಳೆದು ಹುಟ್ಟು ಹಾಕಿ ತೋಳು ಬಲಿತವರು. ಹೈದರಾಬಾದಿನಲ್ಲಿ ನಿಜಾಮರು ಇನ್ನೂ ಗಾದಿಯ ಮೇಲಿದ್ದ ಆ ಕೊನೆಕೊನೆಯ ವರ್ಷಗಳಲ್ಲಿ ಈ ಏಳು ಮಂದಿ ಸುರಪುರದ ಪೈಲ್ವಾನರನ್ನು ಕೆಡವಿದರು, ದೋರನಹಳ್ಳಿಯ ಗಟ್ಟಿಗರನ್ನು ಅಂಗಾತ ಮಲಗಿಸಿದರು, ಶಹಾಪುರದ ದೊಡ್ಡ ಬಾಜಿಯಲ್ಲಿ ತಹಶೀಲ್ದಾರ ಸಾಹೇಬರ ಕೈಯಿಂದ ಬೆಳ್ಳಿ ಕಡಗ ತೊಡಿಸಿಕೊಂಡರು. ಆದರೆ ವರ್ಷ ತಪ್ಪದೆ ಬನ್ನಿಹಾಳಕ್ಕೆ ಸೋತರು.

ಬನ್ನಿಹಾಳಕ್ಕೆ! ಹೊಳೆಯಾಚೆಯ ಆ ಊರಿನ ತಂಡ ನೋಡಿದ್ದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಒಬ್ಬನಿಗೆ ಹೊತ್ತು ಇಳಿದರೆ ಕಣ್ಣು ಕಾಣದು. ಇನ್ನೊಬ್ಬನಿಗೆ ಮೊಣಕಾಲು ನೋವು, ‘ಶಿವನೇ’ ಎನ್ನದೆ ಬಗ್ಗಲಾರ. ಇಬ್ಬರು ಅಣ್ಣತಮ್ಮಂದಿರು ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದರಿಂದ ಒಬ್ಬರ ಕೈ ಒಬ್ಬರು ಹಿಡಿಯುತ್ತಿರಲಿಲ್ಲ. ಇವರಿಗೆಲ್ಲ ಮುಂದಾಳು ಗುರಪ್ಪ. ಐವತ್ತು ದಾಟಿದ, ಗುಡಾಣದ ಹೊಟ್ಟೆಯ ಮನುಷ್ಯ. ಅವನ ಧೋತರ ಆಟ ಶುರುವಾಗುವ ಮೊದಲೇ ಸಡಿಲಾಗಿರುತ್ತಿತ್ತು.

ಜೋಳದ ರಾಶಿ ಮುಗಿದ ಮೇಲೆ ಮುಂಗಾರು ಬೀಳುವವರೆಗೆ ಊರೂರಿನ ನಡುವೆ ಬಾಜಿ ನಡೆಯುತ್ತಿದ್ದವು. ಆಟ ಸರಳ. ಒಂದೇ ಉಸಿರಿನಲ್ಲಿ ‘ಹುತುತುತು’ ಎನ್ನುತ್ತ ಎದುರಿನವರ ಅಂಗಳಕ್ಕೆ ನುಗ್ಗಬೇಕು, ತಿರುಗಿ ಬಂದು ನಡುಗೆರೆಗೆ ಕೈ ತಾಗಿಸಬೇಕು. ತಾಗಿಸಿದರೆ ಅವನು ಮುಟ್ಟಿದವರು, ಅವನನ್ನು ಮುಟ್ಟಿದವರು ಎಲ್ಲ ಸತ್ತರು. ಅಷ್ಟರೊಳಗೆ ಉಸಿರು ಕಡಿದರೆ ಅವನೇ ಸತ್ತ. ಬನ್ನಿಹಾಳದವರು ಸಿಕ್ಕ ಊರಿಗೆಲ್ಲ ಸೋತು, ಸಣ್ಣ ಮಕ್ಕಳಿಂದಲೂ ನಗಿಸಿಕೊಂಡು, ಕಡೆಗೆ ಮೌನಪ್ಪನ ಹುಲಿಗಳನ್ನು ಮಾತ್ರ ಸಾಯಿಸಿ ಮನೆಗೆ ಹೋಗುತ್ತಿದ್ದರು. ಮಾಟ ಮಾಡಿಸಿದ್ದಾರೆ ಎಂದು ಕೆಲವರೆಂದರು. ಆಟಕ್ಕೆ ಮೊದಲು ಹೋಳಿಗೆ ತುಪ್ಪ ತಿನ್ನಿಸಿ ಭಾರ ಮಾಡುತ್ತಾರೆ ಎಂದು ಇನ್ನು ಕೆಲವರೆಂದರು. ಒಂದು ವರ್ಷ ಮೌನಪ್ಪನ ಕಡೆಯವರು ಉಪವಾಸವಿದ್ದೇ ಆಡಿ ನೋಡಿದರು, ಆಗಲೂ ಸೋತರು.

ನಿಜ ಸಂಗತಿ ಮೌನಪ್ಪನಿಗೆ ಗೊತ್ತಿತ್ತು, ಪಾಪ, ಬಾಯಿ ಬಿಡುವ ಹಾಗಿರಲಿಲ್ಲ. ಮೊದಲ ವರ್ಷದ ಬಾಜಿಗೆ ಮುಂಚೆಯೇ ಗುರಪ್ಪ ಅವನನ್ನು ಬೇವಿನ ಮರದ ಮರೆಗೆ ಕರೆದು ಹೆಗಲ ಮೇಲೆ ಕೈಯಿಟ್ಟಿದ್ದ.

“ತಮ್ಮಾ, ನಮ್ಮ ಮರಿಲಿಂಗಮ್ಮಗ ಗಂಡು ನೋಡಾಕತ್ತೀನಿ. ನೀ ಕಣ್ಣಾಗ ಕುಂತೀದಿ. ಮುಂದಿನ ಸುಗ್ಗಿ ತನಕ ಯಾರ ಮುಂದೂ ಅನಬ್ಯಾಡ, ದೃಷ್ಟಿ ತಾಗ್ತದ.”

ಸುಗ್ಗಿ ಬಂದಾಗಲೆಲ್ಲ ಆ ಮಾತು ಅದರ ಮುಂದಿನ ಸುಗ್ಗಿಗೆ ಹೋಗುತ್ತಿತ್ತು. ಮರಿಲಿಂಗಮ್ಮನನ್ನು ಮೌನಪ್ಪ ನೋಡಿದ್ದ. ಹರಿಗೋಲಿಗೆ ಆಡು ಹೆಚ್ಚು ತುಂಬಿದನೆಂದು ಒಮ್ಮೆ ಅವಳು ಅವನ ಜನ್ಮ ಜಾಲಾಡಿದ್ದಳು. ಅಂದಿನಿಂದ ಅವನಿಗೆ ಆಡು ಕಂಡರೂ ಎದೆ ಡವಗುಟ್ಟುತ್ತಿತ್ತು. ಈಗ ಹೇಳಿ, ಆ ಹುಡುಗಿಯ ಅಪ್ಪ ಉಬ್ಬಸಪಡುತ್ತ ಎದುರಿಗೆ ಬಂದು ‘ಹುತುತು’ ಎಂದರೆ ಯಾವ ಗಂಡಸು ಅವನ ಕಾಲೆಳೆದು ಮಣ್ಣಿಗೆ ಕೆಡವುತ್ತಾನೆ? ನಾಳೆ ಬೀಗರ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಉಣ್ಣುತ್ತಾನೆ? ಮೌನಪ್ಪ ಮಾವನಿಂದ ಮುಟ್ಟಿಸಿಕೊಂಡು, ಅಷ್ಟೇ ಮರ್ಯಾದೆಯಿಂದ ಸತ್ತು, ಹೊರಗೆ ಹೋಗಿ ಕೂಡುತ್ತಿದ್ದ.

ಅವನಿಗೆ ತಿಳಿಯದ ಸಂಗತಿ ಒಂದೇ. ತಾನು ಸತ್ತರೆ ಸಾಯಲಿ, ಉಳಿದ ಆರು ಮಂದಿಗೇನು ರೋಗ? ಮೂರನೆಯ ವರ್ಷ ಗುರಪ್ಪ ಅಂಗಳದ ನಡುವೆ ತನ್ನ ಧೋತರ ತಾನೇ ತುಳಿದು ಧೊಪ್ಪೆಂದು ಬಿದ್ದ. ಹಿಡಿದು ಕುಳಿತಿದ್ದರೆ ಆಟ ಮುಗಿದಿತ್ತು. ಏಳೂ ಜನ ಓಡಿ ಬಂದು ಎತ್ತಿದರು! ಒಬ್ಬ ಬೆನ್ನಿನ ಮಣ್ಣು ಒರೆಸಿದ, ಒಬ್ಬ ರುಮಾಲು ಸುತ್ತಿದ, ಜೊತೆಗಾರ ಅಂಬ್ರಪ್ಪನಂತೂ ಮೊಣಕಾಲು ಊರಿ ಧೋತರದ ಗಂಟು ಬಿಗಿದುಕೊಟ್ಟ. ಇಷ್ಟಾದರೂ ‘ಹುತುತು’ ಬಿಡದ ಗುರಪ್ಪ ಮೆಲ್ಲಗೆ ಕೈ ಚಾಚಿ ಗೆರೆ ಮುಟ್ಟಿದ. ಏಳೂ ಜನ ಒಟ್ಟಿಗೆ ಸತ್ತರು. ಅಂಬ್ರಪ್ಪನಿಗೆ ಮುದುಕನ ಮೇಲೆ ಇಷ್ಟು ಅಂತಃಕರಣ ಯಾಕೆ ಎಂದು ಮೌನಪ್ಪ ದಾರಿಯುದ್ದಕ್ಕೂ ತಲೆ ಕೆರೆದುಕೊಂಡ.

ಮರು ವರ್ಷದ ಸುಗ್ಗಿಗೆ ಮರಿಲಿಂಗಮ್ಮ ಹರಿಗೋಲು ಹತ್ತಿದಳು. ಸಂಗಡ ಸೋದರತ್ತೆ ದೇವಕಮ್ಮ. ಆ ಮುದುಕಿಗೆ ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳದು.

“ಈ ವರ್ಷಾನೂ ಸೋಲಾವ್ರೇನು?” ಮರಿಲಿಂಗಮ್ಮ ನೀರು ನೋಡುತ್ತ ಕೇಳಿದಳು.

“ನಿಮ್ಮಪ್ಪ ಹಿರೇರು. ಅವರ ಮ್ಯಾಲೆ ಹೆಂಗ ಕೈ ಮಾಡೂದು?”

“ನನ್ನ ಕೊಡ್ತೀನಂತ ಮಾತು ಕೊಟ್ಟಾನಿಲ್ಲೋ?”

ಮೌನಪ್ಪ ಕಿವಿವರೆಗೂ ಕೆಂಪಾಗಿ ಹೂಂ ಎಂದ.

“ಅಂಬ್ರಪ್ಪಗೂ ಕೊಟ್ಟಾನ. ನಿಮ್ಮ ಏಳೂ ಮಂದಿಗೂ ಕೊಟ್ಟಾನ. ನಾ ಒಬ್ಬಾಕಿ ಅದೀನಿ.”

ಹುಟ್ಟು ನಿಂತಿತು. ಹರಿಗೋಲು ನಡು ಮಡುವಿನಲ್ಲಿ ಗರಗರ ತಿರುಗಿತು. ದೇವಕಮ್ಮ “ದಂಡಿ ಬಂತೇನೋ ತಮ್ಮಾ?” ಎಂದು ಗಂಟು ಎತ್ತಿಕೊಂಡಳು.

“ನನ್ನ ಓರಗಿಯವರ ಮಕ್ಕಳು ಓಡ್ಯಾಡಾಕತ್ತಾವ,” ಮರಿಲಿಂಗಮ್ಮ ಹರಿಗೋಲಿನ ಅಂಚು ಹಿಡಿದುಕೊಂಡು ಅಂದಳು. “ಒಬ್ಬಗ ಕೊಟ್ರ ಉಳಿದ ಆರು ಮಂದಿ ಸೋಲೂದು ಬಿಡ್ತಾರಂತ ಅಪ್ಪಗ ಹೆದರಿಕಿ. ನೀವು ಸೋಲೂತನಾ ನಾ ಮನ್ಯಾಗಾ ಕುಂಡ್ರಬೇಕು. ತಿಳೀತೇನು?”

“ನಾ ಏನ್ ಮಾಡ್ಲಿ?”

“ಅದನ್ನೂ ನಾನಾ ಹೇಳ್ಲೇನು? ಗಂಡಸಪ್ಪಾ ನೀ!”

ಆ ವರ್ಷದ ಬಾಜಿ ಬನ್ನಿಹಾಳದಲ್ಲೇ ಇತ್ತು. ನಡುವೆ ನಿಂತು ನ್ಯಾಯ ಹೇಳುವವನು ಶಹಾಪುರದ ಬಟ್ಟೆ ಅಂಗಡಿಯ ನೀಲಕಂಠಪ್ಪ ಸಾವ್ಕಾರ. ಅವನು ಒಮ್ಮೆ ಫೈಸಲಾ ಕೊಟ್ಟರೆ ಹೈದರಾಬಾದಿಗೆ ಹೋದರೂ ಬದಲಾಗದು ಎಂದು ಜನ ನಂಬಿದ್ದರು, ಅವನೂ ನಂಬಿದ್ದ. ಇಡೀ ಊರು ಹೊಲದ ಸುತ್ತ ಕೂತಿತ್ತು. ವರ್ಷಕ್ಕೊಮ್ಮೆ ತಲೆ ಎತ್ತಿ ನಗುವ ದಿನ ಅವರಿಗೆ ಅದೊಂದೇ, ಹಾಸಿಗೆ ಹಿಡಿದ ಮುದುಕರನ್ನೂ ಎತ್ತಿ ತಂದಿದ್ದರು.

ಆಟ ಸಮಸಮಕ್ಕೆ ಬಂದು ಕಡೆಯ ಸರದಿ ಗುರಪ್ಪನದಾಯಿತು. ಧೋತರ ಸಾವರಿಸಿಕೊಂಡು ‘ಹುತುತುತು’ ಎಂದು ಬಂದ. ಆರು ಜನ ಅಳಿಯಂದಿರು ವಿನಯದಿಂದ ದಾರಿ ಬಿಟ್ಟರು. ಮೌನಪ್ಪ ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು, ಮಾವನ ಹೊಟ್ಟೆಯನ್ನು ಎರಡೂ ತೋಳಿನಿಂದ ಗಬಕ್ಕನೆ ತಬ್ಬಿ ನೆಲಕ್ಕೆ ಕೆಡವಿದ. ಊರೆಲ್ಲ ಹಾ ಎಂದಿತು.

“ಮಾವ!” ಮೌನಪ್ಪ ಎಲ್ಲರಿಗೂ ಕೇಳುವ ಹಾಗೆ ಕೂಗಿದ. “ನಿಮ್ಮ ಮಗಳನ್ನ ನನಗ ಕೊಡ್ರಿ. ಬ್ಯಾಡಾದ್ರ ಈಗಾ ಬ್ಯಾಡ ಅನ್ರಿ. ಅನಲಿಲ್ಲಂದ್ರ ಹೂಂ ಅಂದಂಗ!”

ಗುರಪ್ಪನ ಕಣ್ಣು ಹೊರಗೆ ಬಂದವು. ಬ್ಯಾಡ ಎಂದರೆ ಉಸಿರು ಕಡಿಯುತ್ತದೆ, ಬಾಜಿ ಹೋಗುತ್ತದೆ. ಅನ್ನದಿದ್ದರೆ ಮಗಳು ಹೋಗುತ್ತಾಳೆ. ಮಲಗಿದಲ್ಲಿಂದಲೇ ಅವನು ಊರಿನವರನ್ನು ನೋಡಿದ. ಎತ್ತಿ ತಂದ ಮುದುಕರು ಕೋಲೂರಿ ಎದ್ದು ನಿಂತಿದ್ದರು. ಆಮೇಲೆ ಮಗಳನ್ನು ನೋಡಿದ. ಅವಳು ಸೆರಗು ಕಚ್ಚಿಕೊಂಡು ನಿಂತಿದ್ದಳು.

“ಹುತುತುತುತು,” ಎಂದ ಗುರಪ್ಪ.

ಆಗ ಅಂಬ್ರಪ್ಪ ಚೀರಿದ. “ಏ ಮೌನ್ಯಾ, ಬಿಡೋ ಅವರನ್ನ! ನನಗ ಕೊಡ್ತೀನಂದಾರ!”

“ನಿನಗೆಲ್ಲೀದೋ? ನನಗಂದಾರ!” ಎಂದ ಇನ್ನೊಬ್ಬ. “ನನಗ!” “ನನಗ!” ಎಂದು ಆರೂ ಜನ ಮೌನಪ್ಪನ ಮೇಲೆ ಬಿದ್ದು, ಅವನನ್ನು ಮಾವನಿಂದ ಕೀಳುವುದಕ್ಕೆ ನಿಂತರು. ಅಬ್ಬಾ, ಎಂಥ ಎಳೆದಾಟ! ಒಬ್ಬ ಮೌನಪ್ಪನ ಕಾಲೆಳೆದ, ಒಬ್ಬ ಗುರಪ್ಪನ ಕೈಯೆಳೆದ, ಒಬ್ಬ ಗಡಿಬಿಡಿಯಲ್ಲಿ ಅಂಬ್ರಪ್ಪನ ಕಿವಿ ಎಳೆದ. ಎಳೆದಾಡುತ್ತ ಇಡೀ ಗುಂಪು ಉರುಳುರುಳಿ ನಡುಗೆರೆಗೆ ಬಂತು. ಅಡಿಯಲ್ಲೆಲ್ಲೋ ನೀರಿನ ಗುಳ್ಳೆಯ ಹಾಗೆ ‘ಹುತುತು’ ಕೇಳುತ್ತಲೇ ಇತ್ತು. ಆ ಗುಂಪಿನೊಳಗಿಂದ ಒಂದು ದಪ್ಪ ಕೈ ಹೊರಗೆ ಬಂದು ಗೆರೆ ಮುಟ್ಟಿತು.

ಬನ್ನಿಹಾಳ ಗೆದ್ದಿತು. ಗುರಪ್ಪ ಮುಖ ನೀಲಿಗಟ್ಟಿಸಿಕೊಂಡು ಎದ್ದು, ಗಾಳಿ ಎಳೆದು, ಮೊದಲ ಉಸಿರಿಗೇ ಕಿರುಚಿದ. “ಕೊಡಂಗಿಲ್ಲ!”

ನೀಲಕಂಠಪ್ಪ ಸಾವ್ಕಾರ ವಿಭೂತಿ ಹಣೆ ಗಂಟಿಕ್ಕಿ ಯೋಚಿಸಿದ.

“ಗುರಪ್ಪಾ, ದಮ್ಮು ಇರೂತನಾ ನೀ ಬ್ಯಾಡ ಅನಲಿಲ್ಲ. ಗೆರಿ ಮುಟ್ಟಿದ ಮ್ಯಾಲಿನ ಮಾತು ನಾ ಹಿಡಿಯಂಗಿಲ್ಲ. ಬಾಜಿ ನಿಂದು, ಹುಡುಗಿ ಅವಂದು. ಫೈಸಲಾ ಆತು.”

ಗುರಪ್ಪ ಮಗಳ ಕಡೆ ತಿರುಗಿದ.

“ನಾ ಒಪ್ಪೀನಪ್ಪಾ,” ಎಂದಳು ಮರಿಲಿಂಗಮ್ಮ. “ನಾಕು ವರ್ಷ ನಿನ್ನ ಗೆಲ್ಲಿಸೀನಿ. ಸಾಕಿನ್ನ.”

ಅಷ್ಟು ಜನರ ಮುಂದೆ ಆ ದೊಡ್ಡ ಹೊಟ್ಟೆಯ ಮನುಷ್ಯ ಸಣ್ಣಗಾಗಿಹೋದ. ಊರಿನವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮೇಲೆ ಕೂತ ಗುರಪ್ಪ ಮಾತ್ರ ನಗಲಿಲ್ಲ.

ಮುಂಗಾರು ಬೀಳುವ ಮೊದಲೇ ಮದುವೆಯಾಯಿತು. ಅಂಬ್ರಪ್ಪ ಮತ್ತು ಉಳಿದ ಐವರು ಸಿಟ್ಟಿನಿಂದ ಬಂದು, ಸಿಟ್ಟಿನಿಂದ ಉಂಡು, ಮುಂದಿನ ವರ್ಷ ಬನ್ನಿಹಾಳವನ್ನು ಹೂತು ಬಿಡುತ್ತೇವೆಂದು ಆಣೆ ಮಾಡಿ ಹೋದರು. ಹಾಗೇ ಮಾಡಿದರು ಕೂಡ. ಆ ಊರು ಮತ್ತೆಂದೂ ಯಾರನ್ನೂ ಗೆಲ್ಲಲಿಲ್ಲ. ಮೌನಪ್ಪನೂ ಮತ್ತೆಂದೂ ಬನ್ನಿಹಾಳದ ಎದುರು ಆಡಲಿಲ್ಲ.

ಹೆಣ್ಣೊಪ್ಪಿಸುವ ಹೊತ್ತಿಗೆ ಗುರಪ್ಪ ಮಗಳನ್ನು ಹೊಳೆದಂಡೆಗೆ ಕರೆತಂದ. ಎಲ್ಲರೂ ಅತ್ತರು, ಅವನು ಅಳಲಿಲ್ಲ. ಮರಿಲಿಂಗಮ್ಮ ಹತ್ತಿ ಕೂತ ಮೇಲೂ ಮೊಣಕಾಲುದ್ದ ನೀರಿನಲ್ಲಿ ನಿಂತು ಹರಿಗೋಲಿನ ಅಂಚು ಬಿಗಿಯಾಗಿ ಹಿಡಿದಿದ್ದ. ತುಟಿ ಮುಚ್ಚಿತ್ತು, ಎದೆ ಉಬ್ಬಿತ್ತು, ಮುಖ ಅಂದಿನ ಹಾಗೆಯೇ ನೀಲಿಗಟ್ಟುತ್ತಿತ್ತು. ಹಿಡಿದ ಉಸಿರು ಎಂಥದ್ದೆಂದು ಮೌನಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹುಟ್ಟು ಕೆಳಗಿಟ್ಟು ಮಾವನ ಕೈಯ ಮೇಲೆ ಕೈಯಿಟ್ಟ.

“ಮಾವ, ಬಾಜಿ ಮುಗೀತ್ರಿ. ಉಸಿರು ಬಿಡ್ರಿ.”

ಗುರಪ್ಪ ಉಸಿರು ಬಿಟ್ಟ. ಅದರ ಬೆನ್ನಿಗೇ ಹೋ ಎಂದು ಅಳು ಬಂತು. ಅಳುವುದಿಲ್ಲವೆಂದು ಹಟ ಹಿಡಿದು ಕೂತಿದ್ದ ಮರಿಲಿಂಗಮ್ಮನೂ ಅತ್ತಳು. ಆಮೇಲೆ ಅವನು ಅಂಚು ಬಿಟ್ಟ, ಮೌನಪ್ಪ ಹುಟ್ಟು ಹಾಕಿದ.