ಆತ್ಮ ಇಳಿದ ಹುಡುಗನ ಮಾತ್ರೆ

ಮೊದಲ ಸಲ ಬಿದ್ದಾಗ ನನಗೆ ಸಿಕ್ಕಿದ್ದು ಚಪ್ಪಾಳೆ.

ಕಾಕ್ಸ್‌ಟೌನಿನ ಎಸ್‌ಟಿಡಿ ಬೂತಿನ ಮೇಲಿನ ಬಾಡಿಗೆ ಹಾಲೇ ನಮ್ಮ ಚರ್ಚು; ನಾವು ಸಭೆ ಎನ್ನುತ್ತೇವೆ. ಭಾನುವಾರದ ಹಾಡಿಗೆ ಟ್ಯಾಂಬರಿನ್ ಬಾರಿಸುವವನು ನಾನು. ಇಡೀ ಕಂಟೋನ್ಮೆಂಟಿನಲ್ಲಿ ನನ್ನಂಥ ಕಲಾವಿದ ಇಲ್ಲವೆಂದು ಎಲ್ಲರಿಗೂ ನಾನೇ ಹೇಳಿದ್ದೆ. ಅವತ್ತು ಎಡಗೈ ಅದುರಿತು. ಟ್ಯಾಂಬರಿನ್ ಹಾರಿ ಪಾಸ್ಟರ್ ಹೊಟ್ಟೆಗೆ ಬಡಿಯಿತಂತೆ. ಮುಂದಿನದು ನನಗೆ ನೆನಪಿಲ್ಲ.

ನಮ್ಮಲ್ಲಿ ಯಾರಾದರೂ ನಡುಗುತ್ತಾ ಬಿದ್ದರೆ ಪವಿತ್ರಾತ್ಮ ಇಳಿದಿದೆ ಎಂದರ್ಥ. ಯಾರೂ ಮುಟ್ಟುವುದಿಲ್ಲ, ಸುತ್ತ ನಿಂತು ಸ್ತೋತ್ರ ಹೇಳುತ್ತಾರೆ. ನಾನು ನಾಲಿಗೆ ಕಚ್ಚಿಕೊಂಡು, ಪ್ಯಾಂಟು ಒದ್ದೆ ಮಾಡಿಕೊಂಡು ಒದ್ದಾಡುತ್ತಿದ್ದರೆ ಸಭೆಯೇ ಕುಣಿಯಿತು. ಎಚ್ಚರವಾದಾಗ ನನ್ನ ನಾಲಿಗೆ ರಸೆಲ್ ಮಾರ್ಕೆಟ್ಟಿನ ಕುರಿಯದಷ್ಟು ಊದಿತ್ತು.

"ಏನು ಕಂಡೆ ಮಗನೇ?" ಎಂದರು ಪಾಸ್ಟರ್.

ತೊದಲಿದೆ. ಅದನ್ನೂ ಆತ್ಮ ಕೊಟ್ಟ ಅನ್ಯಭಾಷೆ ಎಂದು ಸಾರಿದರು.

ಎರಡನೇ ಸಲ ಬಿದ್ದದ್ದು ಶಿವಾಜಿನಗರ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿ ಸ್ತೋತ್ರವಿಲ್ಲ. ಬೀಡಾ ಅಂಗಡಿಯ ಭಾಯ್ ನನ್ನ ಕೈಗೆ ಬೀಗದ ಕೈ ತುರುಕಿ, ಆಟೋಗೆ ಹಾಕಿ ಆಸ್ಪತ್ರೆಗೆ ಸೇರಿಸಿದರು. ಇಇಜಿ ಮಾಡಿದರು. ತಲೆಗೆ ಅಂಟಿಸಿದ ವೈರುಗಳಿಂದ ಹಲಸೂರಿಗೆ ಕರೆಂಟು ಕೊಡಬಹುದಿತ್ತು.

"ಎಪಿಲೆಪ್ಸಿ, ಫಿಟ್ಸ್ ಅಂತಾರಲ್ಲ ಅದು," ಎಂದರು ಡಾಕ್ಟರಮ್ಮ. "ಮಾತ್ರೆ ಒಂದಿನಾನೂ ತಪ್ಪಿಸ್ಬಾರ್ದು. ರೋಡಲ್ಲಿ ಬಿದ್ರೆ ಜೀವಾನೇ ಹೋಗ್ಬಹುದು."

ಸುದ್ದಿ ಕೇಳಿ ಪಾಸ್ಟರ್ ನಮ್ಮ ಮನೆಗೆ ಬಂದರು. "ಮಾತ್ರೆ ತಗೊಂಡ್ರೆ ಕರ್ತನ ಮೇಲೆ ನಂಬಿಕೆ ಇಲ್ಲ ಅಂದಂಗಲ್ವೇನಮ್ಮ? ಆತ್ಮ ಇಳಿದ ಹುಡುಗ. ಭಾನುವಾರ ಸಾಕ್ಷಿ ಹೇಳ್ಲಿ, ವಾಸಿಯಾಯ್ತು ಅಂತ."

ಅಮ್ಮ ಮಾತ್ರೆಯ ಪೊಟ್ಟಣವನ್ನು ಅಕ್ಕಿ ಡಬ್ಬದ ತಳಕ್ಕೆ ಹೂತಳು.

"ನಾನು ಸತ್ತೋದ್ರೆ?"

"ಬಾಯ್ಮುಚ್ಕೊಳೋ. ಫಿಟ್ಸ್ ಅಂತ ಗೊತ್ತಾದ್ರೆ ಇದೇ ಜನ ದೆವ್ವ ಹಿಡಿದಿದೆ ಅಂತಾರೆ."

ಸಭೆಯಲ್ಲಿ ಆತ್ಮ, ಆಸ್ಪತ್ರೆಯ ಚೀಟಿ ಕಂಡರೆ ದೆವ್ವ: ಅದೇ ನಡುಕ, ಅದೇ ನಾನು.

ಅಮ್ಮ ನಲ್ಲಿಯ ಹತ್ತಿರ ಹೋದಾಗಲೆಲ್ಲ ಅಕ್ಕಿಗೆ ಕೈಹಾಕಿ ಮಾತ್ರೆ ಹುಡುಕಿ ನುಂಗಿದೆ. ನುಂಗುತ್ತಾ ಯೋಚಿಸಿದೆ: ಮೆಷಿನ್ನಿಗೆ ಕಂಡ ನನ್ನ ತಲೆ ದೇವರಿಗೆ ಕಾಣದೇ ಇರುತ್ತದೆಯೇ? ನಾನು ಸುಳ್ಳು ಹೇಳಿ ಮಾನ ಉಳಿಸಬೇಕಾದಷ್ಟು ಬಡವನೇ ಅವನು?

ಭಾನುವಾರ ಮೈಕು ಕೊಟ್ಟರು. ಮೈಕೆಂದರೆ ನನಗೆ ಬಿರಿಯಾನಿ. ಅವತ್ತು ಮಾತ್ರ ಫಿಟ್ಸ್ ಇಲ್ಲದೆಯೇ ನಡುಗಿದೆ.

"ನನ್ಮೇಲೆ ಇಳಿದಿದ್ದು ಆತ್ಮ ಅಲ್ಲ, ಫಿಟ್ಸ್. ಮಾತ್ರೆ ತಗೋತಿದೀನಿ, ಬಿಡಲ್ಲ. ದೇವರ ಹೆಸ್ರಲ್ಲಿ ಸುಳ್ಳು ಹೇಳಲ್ಲ. ಇನ್ನೊಂದ್ಸಲ ಬಿದ್ರೆ ಚಪ್ಪಾಳೆ ಬೇಡ, ಆಟೋ ಕರೀರಿ."

ಮುಂದಿನ ಸಾಲಿನವರು ಪಾಸ್ಟರ್ ಕಡೆ ತಿರುಗಿದರು.

ಪಾಸ್ಟರ್ ಮೈಕು ಕಿತ್ತುಕೊಂಡರು. ಈಗ ಟ್ಯಾಂಬರಿನ್ ಅವರ ಮಗನ ಕೈಯಲ್ಲಿದೆ. ತಾಳಕ್ಕೂ ಅವನಿಗೂ ಸಂಬಂಧವಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ.

ಅವತ್ತು ಮೆಟ್ಟಿಲಿಳಿಯುವಾಗ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಸ್ತೋತ್ರ ಕೂಗುವ ಸ್ಟೆಲ್ಲಾ ಆಂಟಿ ನನ್ನ ಶರ್ಟು ಹಿಡಿದೆಳೆದರು. ಬೈಗುಳಕ್ಕೆ ಸಿದ್ಧನಾದೆ.

"ಲೋ, ಆ ಡಾಕ್ಟರಮ್ಮ ಎಲ್ಲಿ ಸಿಗ್ತಾರೆ?" ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮ ಹುಡುಗೀಗೂ ಆತ್ಮ ಇಳಿಯುತ್ತೆ ಕಣೋ. ಬಟ್ಟೆ ಒಗೆಯೋವಾಗ್ಲೂ."

ಅಮ್ಮ ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ನೀರಿನ ಲೋಟ ಕುಕ್ಕಿದಳು. ಜೊತೆಗೆ ಮಾತ್ರೆ. ಅದಕ್ಕೆ ಅಕ್ಕಿಯ ಪುಡಿ ಮೆತ್ತಿತ್ತು.

ಒರೆಸದೆ ನುಂಗಿದೆ.